ಅಂಪೈರ್ ಯಾರ ಕಡೆಯವನು? ಪೆಂಟಗನ್‌ನ ಸಿವಿಲ್ ನೌಕರರು ಮತ್ತು ಎನ್‌ಎಸ್‌ಪಿಎಸ್ ಜಗಳ

ಅಮೆರಿಕದಲ್ಲಿ ಕೇಂದ್ರ ಸರ್ಕಾರಿ ನೌಕರರ ಯೂನಿಯನ್ನುಗಳು ಮುಷ್ಕರ ಹೂಡುವ ಹಾಗಿಲ್ಲ. ಹೆಚ್ಚಿನವರ ವಿಷಯದಲ್ಲಿ ಸಂಬಳ ಎಷ್ಟಿರಬೇಕು ಅಂತ ಚೌಕಾಸಿ ಮಾಡುವ ಹಾಗೂ ಇಲ್ಲ, ಅದನ್ನು ಸಂಸತ್ತು ಮತ್ತು ಅಧ್ಯಕ್ಷರು ತೀರ್ಮಾನಿಸುತ್ತಾರೆ. 1981ರಲ್ಲಿ ವಿಮಾನ ಸಂಚಾರ ನಿಯಂತ್ರಕರು ಧೈರ್ಯ ಮಾಡಿ ಮುಷ್ಕರ ಹೂಡಿದರು. ಅಧ್ಯಕ್ಷ ರೇಗನ್ 11,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದಲೇ ತೆಗೆದರು. ಆ ಪೆಟ್ಟನ್ನು ಯಾವ ಯೂನಿಯನ್ನೂ ಮರೆತಿಲ್ಲ.

ಮುಷ್ಕರ ಇಲ್ಲ, ಸಂಬಳದ ಮಾತಿಲ್ಲ ಅಂದಮೇಲೆ ಯೂನಿಯನ್ ಇದ್ದೇನು ಪ್ರಯೋಜನ ಅಂತ ನಮ್ಮ ಕಡೆಯವರಿಗೆ ಅನಿಸುವುದು ಸಹಜ. ಆದರೆ ಉಳಿದದ್ದು ಸಣ್ಣದೇನಲ್ಲ. ಯಾವ ಪಾಳಿ ಯಾರಿಗೆ, ಓವರ್‌ಟೈಮ್‌ಗೆ ಮೊದಲು ಯಾರನ್ನು ಕರೆಯಬೇಕು, ಅಪಾಯದ ಕೆಲಸಕ್ಕೆ ಏನೇನು ರಕ್ಷಣೆ ಕೊಡಬೇಕು, ಬೇರೆ ಊರಿಗೆ ಕಳಿಸುವುದಾದರೆ ಯಾವ ಕ್ರಮದಲ್ಲಿ, ಶಿಸ್ತುಕ್ರಮ ಅನ್ಯಾಯ ಅನಿಸಿದರೆ ಯಾರ ಬಾಗಿಲು ತಟ್ಟಬೇಕು. ಇವನ್ನೆಲ್ಲ ಒಪ್ಪಂದ ಮಾಡಿ ಬರೆದಿಡುವುದೇ ಅಲ್ಲಿನ ಸಾಮೂಹಿಕ ಚೌಕಾಸಿ. ಕೆನಡಿ ಕಾಲದ 1962ರ ಆದೇಶದಿಂದ ಶುರುವಾದ ಈ ಹಕ್ಕಿಗೆ 1978ರಲ್ಲಿ ಕಾನೂನಿನ ಬಲ ಬಂತು.

2003ರಲ್ಲಿ ರಕ್ಷಣಾ ಇಲಾಖೆ, ಅಂದರೆ ಪೆಂಟಗನ್, ಎನ್‌ಎಸ್‌ಪಿಎಸ್ ಅನ್ನುವ ಹೊಸ ಸಿಬ್ಬಂದಿ ವ್ಯವಸ್ಥೆಯ ಮೂಲಕ ಕೈ ಹಾಕಿದ್ದು ಇದಕ್ಕೇ. ಹೊರಗಿನವರಿಗೆ ಮಾತ್ರ ಇದು ‘ಚೆನ್ನಾಗಿ ದುಡಿದವರಿಗೆ ಜಾಸ್ತಿ ಸಂಬಳ’ ಯೋಜನೆಯಾಗಿ ಕಂಡಿತು. ಅದನ್ನು ಬೇಡ ಅನ್ನುವವರು ಸೋಮಾರಿಗಳೇ ಇರಬೇಕು ಅಲ್ವಾ? ಯೂನಿಯನ್ನುಗಳಿಗೆ ಮೊದಲ ಏಟು ಬಿದ್ದದ್ದೇ ಅಲ್ಲಿ.

ಹಳೆಯ ಏಣಿ

ಪೆಂಟಗನ್ ಅಂದರೆ ನಮಗೆ ಸಮವಸ್ತ್ರ ತೊಟ್ಟವರೇ ನೆನಪಾಗುತ್ತಾರೆ. ಆದರೆ ಆಗ ಆ ಇಲಾಖೆಯಲ್ಲಿ ಸುಮಾರು 7 ಲಕ್ಷ ಸಿವಿಲ್ ನೌಕರರಿದ್ದರು. ಅಲಬಾಮಾದ ಆ್ಯನಿಸ್ಟನ್ ಡಿಪೋದಲ್ಲಿ ಟ್ಯಾಂಕ್ ಬಿಚ್ಚಿ ಜೋಡಿಸುವವರು, ಹಡಗುಕಟ್ಟೆಗಳ ವೆಲ್ಡರ್‌ಗಳು, ಓಕ್ಲಹೋಮಾದ ಟಿಂಕರ್ ನೆಲೆಯಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುವವರು, ನರ್ಸ್‌ಗಳು, ಲೆಕ್ಕಪತ್ರದವರು, ಗುಮಾಸ್ತರು.

ಇವರಲ್ಲಿ ಕಚೇರಿ ಕೆಲಸದ ಬಹುಪಾಲು ಜನ ಇದ್ದದ್ದು ‘ಜನರಲ್ ಶೆಡ್ಯೂಲ್’ ಅನ್ನುವ ಸಂಬಳದ ಏಣಿಯಲ್ಲಿ. ಎಲ್ಲರೂ ಅದನ್ನು ಜಿಎಸ್ ಅನ್ನುತ್ತಾರೆ. 1949ರ ಕಾನೂನಿನಿಂದ ಬಂದ ಈ ಏಣಿಯಲ್ಲಿ 15 ಗ್ರೇಡ್, ಒಂದೊಂದು ಗ್ರೇಡಿನಲ್ಲಿ 10 ಸ್ಟೆಪ್. ನಮ್ಮ ಕೇಂದ್ರ ಸರ್ಕಾರಿ ನೌಕರರ 7ನೇ ವೇತನ ಆಯೋಗದ ಪಟ್ಟಿಯನ್ನು ನೋಡಿದವರಿಗೆ ಇದು ಗೊತ್ತಿರುವ ಮುಖವೇ. ಶುರುವಿನ ಮೂರು ಸ್ಟೆಪ್ ಏರಲು ವರ್ಷಕ್ಕೊಂದರಂತೆ ಕಾಯಬೇಕು, ಆಮೇಲಿನ ಮೂರಕ್ಕೆ ಎರಡೆರಡು ವರ್ಷ, ಕೊನೆಯ ಮೂರಕ್ಕೆ ಮೂರು ಮೂರು ವರ್ಷ. ಅಂದರೆ ಒಂದೇ ಗ್ರೇಡಿನಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗಲು 18 ವರ್ಷ ಬೇಕು.

ಈ ಏಣಿಯಲ್ಲಿ ದೋಷ ಇರಲಿಲ್ಲ ಅಂತ ಯೂನಿಯನ್ನಿನವರೂ ವಾದಿಸುತ್ತಿರಲಿಲ್ಲ. ಮೈಮುರಿದು ದುಡಿದವನೂ ಕುರ್ಚಿ ಬಿಸಿ ಮಾಡಿದವನೂ ಒಂದೇ ದಿನ ಒಂದೇ ಸ್ಟೆಪ್ ಏರುತ್ತಾರೆ. ಹೊಸಬರನ್ನು ನೇಮಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆದರೆ ಏಣಿಯಲ್ಲಿ ಒಂದು ಗುಣ ಇತ್ತು. ಯಾರಿಗೆ ಎಷ್ಟು ಸಿಗುತ್ತದೆ, ಯಾಕೆ ಸಿಗುತ್ತದೆ ಅನ್ನುವುದನ್ನು ಪಟ್ಟಿ ನೋಡಿ ಯಾರು ಬೇಕಾದರೂ ಹೇಳಬಹುದಿತ್ತು.

ರಮ್ಸ್‌ಫೆಲ್ಡ್ ಅವಸರ

2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ದಿನಗಳು ಅವು. ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಇಲಾಖೆಯನ್ನೇ ಹೊಸದಾಗಿ ಕಟ್ಟುವ ಹುರುಪಿನಲ್ಲಿದ್ದರು. ಅವರ ದೂರಿನಲ್ಲಿ ಹುರುಳು ಇರಲಿಲ್ಲ ಅನ್ನಲು ಆಗುವುದಿಲ್ಲ. ಸಿವಿಲ್ ನೌಕರರು ಮಾಡಬಹುದಾದ ಕೆಲಸವನ್ನು ಸುಮಾರು 3 ಲಕ್ಷ ಸೈನಿಕರು ಮಾಡುತ್ತಿದ್ದಾರೆ, ಯಾಕೆಂದರೆ ಸೈನಿಕನನ್ನು ಇವತ್ತು ಇಲ್ಲಿ ನಾಳೆ ಅಲ್ಲಿ ಅಂತ ಕಳಿಸುವುದು ಸುಲಭ, ಸಿವಿಲ್ ನೌಕರನ ವಿಷಯಕ್ಕೆ ಹೋದರೆ ಕಾಗದಪತ್ರದ ರಾಶಿ ಅನ್ನುವುದು ಅವರ ವಾದ. ಇಲಾಖೆಯಲ್ಲಿ 1,300ಕ್ಕೂ ಹೆಚ್ಚು ಸ್ಥಳೀಯ ಯೂನಿಯನ್ ಘಟಕಗಳಿದ್ದವು. ಒಂದು ನಿಯಮ ಬದಲಿಸಬೇಕಾದರೆ ಒಂದೊಂದರ ಜೊತೆಗೂ ಕೂತು ಮಾತಾಡಬೇಕಿತ್ತು.

2003ರ ನವೆಂಬರ್ 24ರಂದು ಅಧ್ಯಕ್ಷ ಬುಷ್ ಸಹಿ ಹಾಕಿದ ರಕ್ಷಣಾ ಕಾಯ್ದೆಯಲ್ಲೇ ‘ರಾಷ್ಟ್ರೀಯ ಭದ್ರತಾ ಸಿಬ್ಬಂದಿ ವ್ಯವಸ್ಥೆ’ಗೂ ಅನುಮತಿ ಇತ್ತು. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಹಿಡಿದು ಎಲ್ಲರೂ ಎನ್‌ಎಸ್‌ಪಿಎಸ್ ಅಂದರು. ಹೆಸರನ್ನು ಗಮನಿಸಿ. ಗುಮಾಸ್ತೆಯ ಇನ್‌ಕ್ರಿಮೆಂಟಿಗೆ ರಾಷ್ಟ್ರೀಯ ಭದ್ರತೆ ಅನ್ನುವ ಹೆಸರು ಅಂಟಿಸಿದರೆ ಎದುರು ಮಾತಾಡುವುದು ಕಷ್ಟವಾಗುತ್ತದೆ. ಆ ಹೆಸರು ಇಟ್ಟವರು ಚೆನ್ನಾಗಿ ಯೋಚಿಸಿಯೇ ಇಟ್ಟಿರಬೇಕು ಅಂತ ನನ್ನ ಅನುಮಾನ.

ಆ ಕಾಯ್ದೆಯೊಳಗೇ ಒಂದು ಎಡವಟ್ಟು ಇತ್ತು. ಒಂದು ಕಡೆ ನೌಕರರ ಸಂಘಟನೆ ಮತ್ತು ಚೌಕಾಸಿಯ ಹಕ್ಕು ಉಳಿಯಬೇಕು ಅಂತ ಬರೆದಿದ್ದರು. ಇನ್ನೊಂದು ಕಡೆ, ಯೂನಿಯನ್ ಜೊತೆಗಿನ ವ್ಯವಹಾರಕ್ಕೆ ಕಾರ್ಯದರ್ಶಿ ತಮ್ಮದೇ ಹೊಸ ವ್ಯವಸ್ಥೆ ಮಾಡಿಕೊಳ್ಳಬಹುದು, ಅದು ಆರು ವರ್ಷ ನಡೆಯುತ್ತದೆ ಅಂತ ಬರೆದಿದ್ದರು. ಎರಡನ್ನೂ ಒಟ್ಟಿಗೆ ಓದಿದರೆ ಏನು ಅರ್ಥ? ಮುಂದೆ ವಕೀಲರು ವರ್ಷಗಟ್ಟಲೆ ಜಗಳ ಆಡಿದ್ದು ಇದರ ಮೇಲೆಯೇ.

2005ರ ಫೆಬ್ರವರಿ 14ರಂದು ಕರಡು ನಿಯಮ ಪ್ರಕಟವಾಯಿತು. ಜನರಿಂದ 58,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಯೂನಿಯನ್ನುಗಳ ಜೊತೆ ಕೂತು ಚರ್ಚಿಸಬೇಕು ಅಂತ ಕಾಯ್ದೆ ಹೇಳಿತ್ತು, ಚರ್ಚೆಯೂ ನಡೆಯಿತು. ಆದರೆ ಕರಡನ್ನು ಮುಚ್ಚಿದ ಬಾಗಿಲ ಹಿಂದೆ ಬರೆದು ಮುಗಿಸಿ, ಆಮೇಲೆ ಕರೆದು ಕೂರಿಸಿದರು ಅನ್ನುವುದು ಯೂನಿಯನ್ನುಗಳ ಸಿಟ್ಟು. ಅಷ್ಟರಲ್ಲಿ 36 ಯೂನಿಯನ್ನುಗಳು ಒಂದು ಒಕ್ಕೂಟ ಕಟ್ಟಿಕೊಂಡಿದ್ದವು. ಒಬ್ಬರ ಸದಸ್ಯರನ್ನು ಇನ್ನೊಬ್ಬರು ಸೆಳೆಯುವ ಪೈಪೋಟಿಯಲ್ಲಿದ್ದ ಸಂಘಗಳು ಇವು. ಮುಂದಾಳತ್ವ 1932ರಿಂದ ಇರುವ ಎಎಫ್‌ಜಿಇ ಅನ್ನುವ ದೊಡ್ಡ ಯೂನಿಯನ್ನಿನದು. ಆಗ ಅದರ ಅಧ್ಯಕ್ಷ ಜಾನ್ ಗೇಜ್.

ಅಂತಿಮ ನಿಯಮ ಬಂದದ್ದು 2005ರ ನವೆಂಬರ್ 1ರಂದು. ಅದರಲ್ಲಿದ್ದ ಕೆಲವು ಅಂಶಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲನೆಯದು, ಇಲಾಖೆ ಹೊರಡಿಸುವ ಆದೇಶಕ್ಕೂ ಯೂನಿಯನ್ ಜೊತೆ ಮಾಡಿಕೊಂಡ ಒಪ್ಪಂದಕ್ಕೂ ತಾಳೆ ಆಗದಿದ್ದರೆ ಗೆಲ್ಲುವುದು ಆದೇಶವೇ. ಸಹಿ ಹಾಕಿದ ಒಪ್ಪಂದವನ್ನು ಒಂದು ಸುತ್ತೋಲೆ ಅಳಿಸಿಹಾಕಬಹುದು ಅಂದರೆ ಚೌಕಾಸಿಗೆ ಕೂರುವುದಾದರೂ ಯಾಕೆ? ಇನ್ನೊಂದು, ಯೂನಿಯನ್ ಮತ್ತು ಇಲಾಖೆಯ ನಡುವಿನ ವ್ಯಾಜ್ಯ ನೋಡಲು ಹೊಸ ಮಂಡಳಿ. ಅಲ್ಲಿವರೆಗೆ ಇಂಥ ವ್ಯಾಜ್ಯಗಳು ಇಲಾಖೆಗೆ ಸಂಬಂಧವಿಲ್ಲದ ಸ್ವತಂತ್ರ ಪ್ರಾಧಿಕಾರಕ್ಕೆ ಹೋಗುತ್ತಿದ್ದವು. ಹೊಸ ಮಂಡಳಿಯ ಸದಸ್ಯರನ್ನು ನೇಮಿಸುವವರು ರಕ್ಷಣಾ ಕಾರ್ಯದರ್ಶಿಯೇ. ಕ್ರಿಕೆಟ್‌ನಲ್ಲಿ ಬೌಲಿಂಗ್ ಮಾಡುವ ತಂಡವೇ ಅಂಪೈರನ್ನೂ ಕರೆತಂದ ಹಾಗೆ. ಕೆಲಸ ಕಳೆದುಕೊಂಡವರ ಮೇಲ್ಮನವಿಯಲ್ಲೂ ಇದೇ ಕಥೆ. ಶಿಕ್ಷೆ ತಪ್ಪಿಗಿಂತ ಜಾಸ್ತಿಯಾಯಿತು ಅಂತ ಮೇಲ್ಮನವಿ ಮಂಡಳಿ ಅದನ್ನು ಇಳಿಸುವುದು ಬಹಳ ಕಷ್ಟವಾಗುವಂತೆ ನಿಯಮ ಬಿಗಿಮಾಡಿದ್ದರು. ಆ ಮೇಲ್ಮನವಿ ಮಂಡಳಿಯ ನ್ಯಾಯಾಧೀಶ ಕೊಟ್ಟ ತೀರ್ಪನ್ನು ಇಲಾಖೆಯೇ ತಿರುಗಿಸಬಹುದಿತ್ತು.

ಸಂಬಳದ ಭಾಗ ಇದರ ಪಕ್ಕದಲ್ಲಿ ನಿಂತಿತ್ತು, ಅಷ್ಟೆ. ಯೂನಿಯನ್ನುಗಳ ಗಂಟಲಿಗೆ ಸಿಕ್ಕಿಕೊಂಡ ಮುಳ್ಳು ಮೇಲಿನ ಈ ಅಂಶಗಳೇ. ಆದರೆ ಇವನ್ನು ಎರಡು ನಿಮಿಷದ ಟಿವಿ ಚರ್ಚೆಯಲ್ಲಿ ವಿವರಿಸುವುದು ಹೇಗೆ? ‘ಒಳ್ಳೆ ಕೆಲಸಕ್ಕೆ ಒಳ್ಳೆ ಸಂಬಳ’ ಅನ್ನಲು ನಾಲ್ಕು ಪದ ಸಾಕು.

ಕೋರ್ಟಿನಲ್ಲಿ ಗೆದ್ದು ಸೋತದ್ದು

ನಿಯಮ ಬಂದ ತಿಂಗಳೇ ಯೂನಿಯನ್ನುಗಳು ಕೋರ್ಟಿಗೆ ಹೋದವು. ಅವರಿಗೆ ಧೈರ್ಯ ತುಂಬಿದ ಒಂದು ಸಂಗತಿ ಆಗಲೇ ನಡೆದಿತ್ತು. ಹೊಸದಾಗಿ ಹುಟ್ಟಿದ್ದ ಆಂತರಿಕ ಭದ್ರತಾ ಇಲಾಖೆಯೂ ಇಂಥದ್ದೇ ವ್ಯವಸ್ಥೆ ತರಲು ಹೊರಟಾಗ, 2005ರ ಆಗಸ್ಟ್‌ನಲ್ಲಿ ನ್ಯಾಯಾಧೀಶೆ ರೋಸ್‌ಮೇರಿ ಕಾಲಿಯರ್ ತಡೆ ಕೊಟ್ಟಿದ್ದರು.

2006ರ ಫೆಬ್ರವರಿ 27ರಂದು ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಧೀಶ ಎಮೆಟ್ ಸಲಿವನ್ ತೀರ್ಪು ಕೊಟ್ಟರು. ಈ ನಿಯಮಗಳ ಕೆಳಗೆ ಸಾಮೂಹಿಕ ಚೌಕಾಸಿ ಅನ್ನುವುದು ಹೆಸರಿಗಷ್ಟೇ ಉಳಿಯುತ್ತದೆ, ಇಲಾಖೆಯೇ ನೇಮಿಸುವ ಮಂಡಳಿಯನ್ನು ಸ್ವತಂತ್ರ ಅನ್ನಲಾಗದು, ಮೇಲ್ಮನವಿಯ ಹೊಸ ದಾರಿ ನ್ಯಾಯವಾದದ್ದಲ್ಲ ಅನ್ನುವುದು ಅದರ ತಿರುಳು. ಆ ಭಾಗಗಳಿಗೆಲ್ಲ ತಡೆ ಬಿತ್ತು. ಯೂನಿಯನ್ ಕಚೇರಿಗಳಲ್ಲಿ ಹಬ್ಬ.

ಆದರೆ ಆ ತಡೆ ಸಂಬಳದ ಭಾಗವನ್ನು ಮುಟ್ಟಲಿಲ್ಲ. ಇಲಾಖೆ ಅದನ್ನು ಹಿಡಿದುಕೊಂಡು ಮುಂದೆ ನಡೆಯಿತು. 2006ರ ಏಪ್ರಿಲ್ 30ರಂದು ಮೊದಲ ಕಂತಿನ ಸುಮಾರು 11,000 ಜನ ಹೊಸ ವ್ಯವಸ್ಥೆಗೆ ಬಂದರು. ಕೇಸು ನಡೆಯುತ್ತಿದ್ದಾಗ ಯೂನಿಯನ್ ವ್ಯಾಪ್ತಿಯ ನೌಕರರನ್ನು ಎಳೆದುಕೊಳ್ಳುವುದು ತಲೆನೋವು ಅಂತ ಇಲಾಖೆ ಹೆಚ್ಚಾಗಿ ಆರಿಸಿಕೊಂಡದ್ದು ಯೂನಿಯನ್ ವ್ಯಾಪ್ತಿಗೆ ಬರದವರನ್ನೇ, ಅಂದರೆ ಮೇಲ್ವಿಚಾರಕರು, ಸಿಬ್ಬಂದಿ ವಿಭಾಗದವರು ಇತ್ಯಾದಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2007ರ ಮೇ 18ರಂದು ಮೇಲ್ಮನವಿ ನ್ಯಾಯಾಲಯ ಸಲಿವನ್ ತೀರ್ಪನ್ನು ತಲೆಕೆಳಗು ಮಾಡಿತು. ಮೂವರಲ್ಲಿ ಇಬ್ಬರು ಇಲಾಖೆಯ ಪರ. ತೀರ್ಪು ಬರೆದವರು ಬ್ರೆಟ್ ಕ್ಯಾವನಾ, ಇವತ್ತು ಸುಪ್ರೀಂ ಕೋರ್ಟಿನಲ್ಲಿರುವವರೇ. ಒಪ್ಪದೆ ಬೇರೆ ಬರೆದವರು ಡೇವಿಡ್ ಟೇಟಲ್. ಕ್ಯಾವನಾ ತರ್ಕ ಸರಳ. ಚೌಕಾಸಿಯನ್ನು ಮೊಟಕು ಮಾಡುವ ಅಧಿಕಾರವನ್ನು ಸಂಸತ್ತೇ ಕೊಟ್ಟಿದೆ, ಅದು 2009ರ ನವೆಂಬರ್ ತನಕ ನಡೆಯುತ್ತದೆ. ಕಾನೂನು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಕೋರ್ಟಿನ ಕೆಲಸವಲ್ಲ.

ಕಾಗದದ ಮೇಲೆ ಇಲಾಖೆ ಪೂರ್ತಿ ಗೆದ್ದಿತ್ತು. ಆದರೆ ಆ ಗೆಲುವು ಅದರ ಕೈಯಲ್ಲಿ ನಿಲ್ಲಲಿಲ್ಲ. 2006ರ ಚುನಾವಣೆಯಲ್ಲಿ ಸಂಸತ್ತಿನ ಎರಡೂ ಸದನ ಡೆಮಾಕ್ರಾಟರ ಕೈಗೆ ಹೋಗಿದ್ದವು, ರಮ್ಸ್‌ಫೆಲ್ಡ್ ಮನೆಗೆ ಹೋಗಿದ್ದರು. ಯೂನಿಯನ್ನುಗಳು ಕೋರ್ಟಿನ ಮೆಟ್ಟಿಲು ಇಳಿದು ಸಂಸತ್ತಿನ ಮೆಟ್ಟಿಲು ಹತ್ತಿದವು. 2008ರ ಜನವರಿ 28ರಂದು ಬುಷ್ ಅವರೇ ಸಹಿ ಹಾಕಿದ ಮುಂದಿನ ರಕ್ಷಣಾ ಕಾಯ್ದೆಯಲ್ಲಿ ಚೌಕಾಸಿಯ ಹಕ್ಕು ವಾಪಸ್ ಬಂತು. ಕಾರ್ಖಾನೆ, ಡಿಪೋಗಳಲ್ಲಿ ಗಂಟೆ ಲೆಕ್ಕದ ಸಂಬಳ ಪಡೆಯುವ ಕೆಲಸಗಾರರನ್ನು ಎನ್‌ಎಸ್‌ಪಿಎಸ್‌ನಿಂದ ಹೊರಗಿಟ್ಟರು. ಕೆಲಸ ಒಪ್ಪುವಂತಿಲ್ಲ ಅನ್ನುವ ರೇಟಿಂಗ್ ಬಂದವರನ್ನು ಬಿಟ್ಟು ಉಳಿದವರಿಗೆ ಸರ್ಕಾರದ ವಾರ್ಷಿಕ ಏರಿಕೆಯ ಕನಿಷ್ಠ 60 ಶೇಕಡ ಸಿಗಲೇಬೇಕು ಅಂತಲೂ ಸೇರಿಸಿದರು.

ಯೂನಿಯನ್ನುಗಳು ಐದು ವರ್ಷ ಯಾವುದಕ್ಕಾಗಿ ಗುದ್ದಾಡಿದವೋ ಅದು ಇಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಎನ್‌ಎಸ್‌ಪಿಎಸ್‌ನಲ್ಲಿ ಉಳಿದದ್ದು ಎಲ್ಲರಿಗೂ ಚಂದ ಕಾಣುವ ಸಂಬಳದ ಭಾಗ ಮಾತ್ರ. ಕೊನೆಗೆ ವ್ಯವಸ್ಥೆ ಕುಸಿದದ್ದು ಆ ಭಾಗದಿಂದಲೇ.

ಪಾಲಿನ ಲೆಕ್ಕ

ಹೊಸ ಪದ್ಧತಿ ಹೀಗಿತ್ತು. 15 ಗ್ರೇಡುಗಳ ಬದಲು ಕೆಲವೇ ಅಗಲವಾದ ಪೇ ಬ್ಯಾಂಡ್‌ಗಳು. ವರ್ಷದ ಕೊನೆಗೆ ಪ್ರತಿಯೊಬ್ಬರಿಗೂ 1ರಿಂದ 5ರ ತನಕ ರೇಟಿಂಗ್. 3 ಬಂದರೆ ಒಂದೋ ಎರಡೋ ಪಾಲು, 4 ಬಂದರೆ ಮೂರೋ ನಾಲ್ಕೋ, 5 ಬಂದರೆ ಐದೋ ಆರೋ. 2 ಬಂದವರಿಗೆ ಪಾಲೇ ಇಲ್ಲ. ಒಂದು ಗುಂಪಿನ ನೌಕರರನ್ನೆಲ್ಲ ಸೇರಿಸಿ ‘ಪೇ ಪೂಲ್’ ಮಾಡಿ, ಅದಕ್ಕೊಂದು ನಿಗದಿತ ಹಣ ಇಟ್ಟು, ಪಾಲಿನ ಪ್ರಕಾರ ಹಂಚುತ್ತಿದ್ದರು.

ಒಂದು ಸಣ್ಣ ಲೆಕ್ಕ ಮಾಡೋಣ. ಅಂಕಿ ನನ್ನದು, ಸುಮ್ನೆ ಉದಾಹರಣೆಗೆ. ಹತ್ತು ಜನರ ಗುಂಪು, ತಲಾ 50,000 ಡಾಲರ್ ಸಂಬಳ. ಹಂಚಲು ಇಟ್ಟದ್ದು 20,000 ಡಾಲರ್. ಎಲ್ಲರಿಗೂ ರೇಟಿಂಗ್ 3, ಎರಡೆರಡು ಪಾಲು ಅಂದರೆ ಒಟ್ಟು 20 ಪಾಲು. ತಲಾ 2,000 ಡಾಲರ್ ಬಂತು. ಮುಂದಿನ ವರ್ಷ ಹತ್ತೂ ಜನ ಜಿದ್ದಿಗೆ ಬಿದ್ದು ದುಡಿದರು, ಎಲ್ಲರಿಗೂ ರೇಟಿಂಗ್ 4, ಮೂರು ಮೂರು ಪಾಲು. ಒಟ್ಟು 30 ಪಾಲು. ತಲಾ ಎಷ್ಟು? ಅದೇ 2,000 ಡಾಲರ್. ಗಡಿಗೆಯಲ್ಲಿರುವ ಅನ್ನ ಅಷ್ಟೇ, ಸೌಟು ದೊಡ್ಡದಾಯಿತು. ಈಗ ಐದು ಜನರಿಗೆ ಮೂರು ಪಾಲು, ಐದು ಜನರಿಗೆ ಎರಡು ಅಂತ ಮಾಡಿ. ಒಟ್ಟು 25 ಪಾಲು. ಮೇಲಿನವರಿಗೆ 2,400, ಕೆಳಗಿನವರಿಗೆ 1,600. ಕೆಳಗಿನ ಐದು ಜನ ಹೋದ ವರ್ಷದಷ್ಟೇ ಕೆಲಸ ಮಾಡಿದರೂ 400 ಡಾಲರ್ ಕಡಿಮೆ ಬಂತು, ಪಕ್ಕದವನಿಗೆ ಒಳ್ಳೆ ರೇಟಿಂಗ್ ಸಿಕ್ಕಿದ್ದಕ್ಕೆ.

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಅಪ್ರೈಸಲ್ ಕಾಲದಲ್ಲಿ ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರೇಟಿಂಗ್ ಕೊಡುವ ಕ್ರಮ ಇನ್ನೂ ಇಕ್ಕಟ್ಟಿನದು. ದಿನಾ ಜೊತೆಗಿರುವ ಮೇಲಧಿಕಾರಿ ಮೊದಲು ಒಂದು ಅಂಕ ಬರೆಯುತ್ತಾನೆ. ಆಮೇಲೆ ಅದು ಹಿರಿಯರ ಸಮಿತಿಗೆ ಹೋಗುತ್ತದೆ. ಆ ಸಮಿತಿಯಲ್ಲಿ ಕೂತವರು ನೌಕರನ ಮುಖವನ್ನೂ ನೋಡಿರುವುದಿಲ್ಲ, ಆದರೂ ಅಂಕವನ್ನು ಬದಲಿಸಬಹುದು. ಅವರ ಮುಂದೆ ಇರುವುದು ಕಂಪ್ಯೂಟರಿನಲ್ಲಿ ನೌಕರ ತನ್ನ ಬಗ್ಗೆ ತಾನೇ ಬರೆದುಕೊಂಡ ವರದಿ. ಹಾಗಾಗಿ ಚೆನ್ನಾಗಿ ಕೆಲಸ ಮಾಡುವವನಿಗಿಂತ ಚೆನ್ನಾಗಿ ಬರೆಯುವವನಿಗೆ ಅಂಕ ಜಾಸ್ತಿ ಬೀಳುತ್ತದೆ ಅನ್ನುವ ದೂರು ಎಲ್ಲ ಕಡೆಯಿಂದ ಬಂತು. ವರದಿ ಬರೆಯಲು, ತಿದ್ದಲು, ಸಮಿತಿಯಲ್ಲಿ ಕೂರಲು ಹೋಗುವ ಹೊತ್ತು ಬೇರೆ. ಒಂದೇ ಅಂಕ ಪಡೆದ ಇಬ್ಬರು ಬೇರೆ ಬೇರೆ ಪೂಲಿನಲ್ಲಿದ್ದರೆ ಕೈಗೆ ಬರುವ ಹಣವೂ ಬೇರೆ ಬೇರೆ. 2008ರಲ್ಲಿ ಇಲಾಖೆಯ ಅಂಕಿಗಳನ್ನೇ ಪತ್ರಕರ್ತರು ಬಿಡಿಸಿ ನೋಡಿದಾಗ, ಬಿಳಿಯ ನೌಕರರಿಗೆ ಸರಾಸರಿಯಲ್ಲಿ ಹೆಚ್ಚು ಅಂಕ, ಹೆಚ್ಚು ಪಾಲು ಹೋಗಿದ್ದು ಕಂಡಿತು.

ಅದೇ ವರ್ಷ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ ಇನ್ನೊಂದು ವಿಷಯ ಗುರುತಿಸಿತು. ಈ ವ್ಯವಸ್ಥೆಯೊಳಗೆ ಹೆಚ್ಚು ಕಾಲ ಇದ್ದವರಿಗೇ ಇದರ ಬಗ್ಗೆ ಬೇಸರ ಹೆಚ್ಚು. ಸಾಮಾನ್ಯವಾಗಿ ಹೊಸದು ಒಗ್ಗದೆ ಗೊಣಗಿದವರು ಕ್ರಮೇಣ ಹೊಂದಿಕೊಳ್ಳುತ್ತಾರೆ. ಇಲ್ಲಿ ಉಲ್ಟಾ. ಈಗ ಹಿಂದೆ ಹೇಳಿದ್ದನ್ನು ನೆನಪಿಸಿಕೊಳ್ಳಿ. ಒಳಗಿದ್ದವರಲ್ಲಿ ಹೆಚ್ಚಿನವರು ಯೂನಿಯನ್ ವ್ಯಾಪ್ತಿಯವರೇ ಅಲ್ಲ. ಅವರನ್ನು ಯಾರೂ ಎತ್ತಿಕಟ್ಟಿರಲಿಲ್ಲ. ಮೇಲ್ವಿಚಾರಕರೇ ತಮ್ಮ ಕೈಯಾರೆ ನಡೆಸಿ ನೋಡಿ ಸುಸ್ತಾಗಿದ್ದರು. ‘ಯೂನಿಯನ್ ಹಠ’ ಅನ್ನುವ ಉತ್ತರ ಇಲ್ಲಿ ನಡೆಯಲಿಲ್ಲ.

ಪೇ ಬ್ಯಾಂಡ್ ಅನ್ನುವುದೇ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಚೈನಾ ಲೇಕ್ ನೌಕಾ ಪ್ರಯೋಗಾಲಯದಲ್ಲಿ 1980ರಿಂದಲೂ ಇಂಥದ್ದೇ ಪದ್ಧತಿ ನಡೆದುಕೊಂಡು ಬಂದಿದೆ. ಅಲ್ಲಿ ವಿಜ್ಞಾನಿಗಳು, ಎಂಜಿನಿಯರುಗಳು. ಒಂದೇ ಜಾಗ, ಒಂದೇ ತರದ ಕೆಲಸ, ಅಂಕ ಕೊಡುವವರಿಗೆ ಆ ಕೆಲಸ ಗೊತ್ತು. ಅದನ್ನು ನೋಡಿ 7 ಲಕ್ಷ ಜನರಿಗೆ ಒಂದೇ ಅಳತೆಯ ಅಂಗಿ ಹೊಲಿಯಲು ಹೊರಟದ್ದು, ಅದೂ ಅಂಗಿ ತೊಡುವವರನ್ನು ಹೊರಗೆ ನಿಲ್ಲಿಸಿ, ತಪ್ಪಾಯಿತು ಅಂತ ನನಗನಿಸುತ್ತದೆ.

ವಾಪಸ್ ಏಣಿಗೆ

2009ರ ಮಾರ್ಚ್‌ನಲ್ಲಿ, ಒಬಾಮ ಅಧಿಕಾರಕ್ಕೆ ಬಂದು ಎರಡು ತಿಂಗಳಾಗುವಷ್ಟರಲ್ಲಿ, ಹೊಸಬರನ್ನು ಸೇರಿಸುವುದಕ್ಕೆ ತಡೆ ಬಿತ್ತು. ಆಗ ಒಳಗಿದ್ದವರು 2 ಲಕ್ಷಕ್ಕೂ ಹೆಚ್ಚು. ಕ್ಲಿಂಟನ್ ಕಾಲದಲ್ಲಿ ಉಪ ರಕ್ಷಣಾ ಕಾರ್ಯದರ್ಶಿಯಾಗಿದ್ದ ರೂಡಿ ಡಿಲಿಯಾನ್ ಮುಂದಾಳತ್ವದಲ್ಲಿ ಒಂದು ತಂಡ ಪರಿಶೀಲನೆ ಮಾಡಿತು. ಬುಡದಿಂದ ಮರಳಿ ಕಟ್ಟಿ ಅಂತ ಆ ತಂಡ ಹೇಳಿತೇ ಹೊರತು ಕಿತ್ತುಹಾಕಿ ಅನ್ನಲಿಲ್ಲ. ಸಂಸತ್ತು ಅಷ್ಟಕ್ಕೆ ನಿಲ್ಲಲಿಲ್ಲ. 2009ರ ಅಕ್ಟೋಬರ್ 28ರಂದು ಒಬಾಮ ಸಹಿ ಹಾಕಿದ ಕಾಯ್ದೆ ಎನ್‌ಎಸ್‌ಪಿಎಸ್ ಅನ್ನು ರದ್ದು ಮಾಡಿತು. 2012ರ ಜನವರಿ 1ರೊಳಗೆ ಎಲ್ಲರೂ ಹಳೆಯ ವ್ಯವಸ್ಥೆಗೆ ಮರಳಬೇಕು, ಯಾರ ಸಂಬಳವೂ ಇಳಿಯಬಾರದು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಬ್ಯಾಂಡಿನಲ್ಲಿ ಬೆಳೆದ ಸಂಬಳ ಏಣಿಯ ಎರಡು ಸ್ಟೆಪ್ ನಡುವೆ ಬಿದ್ದರೆ ಮೇಲಿನ ಸ್ಟೆಪ್‌ಗೆ ಏರಿಸಿದರು. ಹಾಗೆ ಲಾಭ ಮಾಡಿಕೊಂಡವರು ತುಂಬಾ ಜನ. ಆದರೆ ಕೆಲವರ ಸಂಬಳ ಅವರ ಗ್ರೇಡಿನ 10ನೇ ಸ್ಟೆಪ್ಪನ್ನೂ ದಾಟಿತ್ತು. ಇವರು ಒಳ್ಳೆ ರೇಟಿಂಗ್ ಪಡೆದವರು, ಅಂದರೆ ಯಾರಿಗಾಗಿ ಈ ವ್ಯವಸ್ಥೆ ಅಂತ ಹೇಳಿದ್ದರೋ ಅವರು. ಅವರ ಸಂಬಳವನ್ನು ಇದ್ದಲ್ಲೇ ನಿಲ್ಲಿಸಿ, ವಾರ್ಷಿಕ ಏರಿಕೆಯಲ್ಲಿ ಅರ್ಧ ಮಾತ್ರ ಕೊಡುವುದು ಅಂತಾಯಿತು. ಅಷ್ಟರಲ್ಲಿ ಸರ್ಕಾರ 2011ರಿಂದ ಎಲ್ಲ ಸಿವಿಲ್ ನೌಕರರ ವಾರ್ಷಿಕ ಏರಿಕೆಯನ್ನೇ ತಡೆಹಿಡಿಯಿತು. ಸೊನ್ನೆಯಲ್ಲಿ ಅರ್ಧ ಎಷ್ಟು ಅಂತ ಅವರು ಲೆಕ್ಕ ಹಾಕುತ್ತಾ ಕೂತರು.

ರದ್ದು ಮಾಡಿದ ಕಾಯ್ದೆಯೇ, ಮೌಲ್ಯಮಾಪನದ ಹೊಸ ಪದ್ಧತಿಯನ್ನು ಯೂನಿಯನ್ನುಗಳ ಜೊತೆ ಕೂತು ಮಾಡಿ ಅಂತಲೂ ಹೇಳಿತ್ತು. ಅದಕ್ಕೆ ವರ್ಷಗಳೇ ಹಿಡಿದವು. 2016ರಲ್ಲಿ ಶುರುವಾದ ಆ ಪದ್ಧತಿಯಲ್ಲಿ ಇರುವುದು ಮೂರೇ ಅಂಕ: 5, 3, 1. ಪಾಲಿನ ಲೆಕ್ಕ ಇಲ್ಲ. ದೊಡ್ಡ ಗದ್ದಲವೂ ಆಗಲಿಲ್ಲ.

ಗದ್ದಲ ಮತ್ತೆ ಎದ್ದದ್ದು ಬೇರೆ ದಾರಿಯಿಂದ. 1978ರ ಕಾನೂನಿನಲ್ಲಿ ಒಂದು ಸಾಲಿದೆ. ರಾಷ್ಟ್ರೀಯ ಭದ್ರತೆಯ ಕೆಲಸ ಮಾಡುವ ಕಚೇರಿಗಳನ್ನು ಅಧ್ಯಕ್ಷರು ಚೌಕಾಸಿಯ ಹಕ್ಕಿನಿಂದ ಹೊರಗಿಡಬಹುದು. 2025ರ ಮಾರ್ಚ್ 27ರಂದು ಅಧ್ಯಕ್ಷ ಟ್ರಂಪ್ ಆ ಸಾಲನ್ನು ಬಳಸಿ ಒಂದು ಆದೇಶ ಹೊರಡಿಸಿದರು. ಹಲವು ಇಲಾಖೆಗಳ ಪಟ್ಟಿಯಲ್ಲಿ ರಕ್ಷಣಾ ಇಲಾಖೆಯೂ ಇತ್ತು. ಈ ಸಲ ಪೇ ಬ್ಯಾಂಡ್ ಇಲ್ಲ, ರೇಟಿಂಗ್ ಇಲ್ಲ, ‘ಒಳ್ಳೆ ಕೆಲಸಕ್ಕೆ ಒಳ್ಳೆ ಸಂಬಳ’ ಅನ್ನುವ ಮಾತೂ ಇಲ್ಲ. ಯೂನಿಯನ್ನುಗಳು ಮತ್ತೆ ಕೋರ್ಟಿಗೆ ಹೋದವು. 2003ರ ಕಾಯ್ದೆ ಕೊಟ್ಟ ಅಧಿಕಾರಕ್ಕೆ ಆರು ವರ್ಷದ ಗಡುವಾದರೂ ಇತ್ತು. ಈ ಆದೇಶದಲ್ಲಿ ಗಡುವು ಬರೆದಿಲ್ಲ.